ಮೀನು ಹುರಿಯುವ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತದೆ

ಪ್ರಶ್ನೆ: ಅಕ್ಕಾ, ನನ್ನ ತವರು ಶಿರಸಿ, ಕೊಟ್ಟಿದ್ದು ಕಾರವಾರಕ್ಕೆ. ಈಗ ನಾನು 8 ವಾರದ ಬಸುರಿ. ಬಂಗಡೆ ಅಂದರೆ ಪ್ರಾಣ ಬಿಡುತ್ತಿದ್ದವಳು ಈಗ ಪಕ್ಕದ ಮನೆಯಲ್ಲಿ ಮೀನು ಹುರಿದರೂ ಬಚ್ಚಲಿಗೆ ಓಡುತ್ತೇನೆ. ಬೆಳಿಗ್ಗೆ ಅಷ್ಟೇ ಅಲ್ಲ, ಇಡೀ ದಿನ ವಾಂತಿ. ಅತ್ತೆ ‘ನಾವೆಲ್ಲ ಹೆತ್ತಿಲ್ವಾ, ತಡಕೋ’ ಅಂತಾರೆ. ಮಾತ್ರೆ ತಗೊಂಡರೆ ಮಗುವಿಗೆ ತೊಂದರೆಯಾ? ಅಮ್ಮನ ಹತ್ತಿರ ಹೋಗುವ ಆಸೆ, ಆದರೆ ದೇವಿಮನೆ ಘಟ್ಟ ನೆನೆಸಿಕೊಂಡರೇ ಭಯ.
– ಓದುಗಿ, ಕಾರವಾರ

ಉತ್ತರ: ಮಾತ್ರೆಯ ವಿಷಯ ಮೊದಲು ಹೇಳಿಬಿಡುತ್ತೇನೆ ತಂಗಿ, ಈ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು ಸುಮ್ನೆ ನರಳುತ್ತಾರೆ. ಡಾಕ್ಸಿಲಮೀನ್ ಮತ್ತು ಬಿ6 ವಿಟಮಿನ್ ಸೇರಿದ ಮಾತ್ರೆಯನ್ನು ಬಸುರಿಯರಿಗೆ ದಶಕಗಳಿಂದ ಕೊಡುತ್ತಿದ್ದಾರೆ. ಮಗುವಿಗೆ ಅದರಿಂದ ಹಾನಿ ಆಗಿದ್ದು ಕಂಡಿಲ್ಲ. ನಿದ್ದೆ ಬರಿಸುತ್ತದೆ, ಅದಕ್ಕೇ ರಾತ್ರಿ ಕೊಡುವುದು ಜಾಸ್ತಿ. ಆದರೆ ಅಂಗಡಿಯಲ್ಲಿ ಕೇಳಿ ತಗೊಳ್ಳಬೇಡ, ಡಾಕ್ಟರೇ ಬರೆದುಕೊಡಲಿ.

ಅತ್ತೆಗೆ ಆಗದ್ದು ನಿನಗೆ ಯಾಕೆ ಆಗುತ್ತದೆ ಅಂದರೆ, ಬಸಿರಿನಲ್ಲಿ ಜಿಡಿಎಫ್15 ಅನ್ನುವ ಹಾರ್ಮೋನು ಏರುತ್ತದೆ. ಮೊದಲಿನಿಂದ ಅದು ಮೈಯಲ್ಲಿ ಕಡಿಮೆ ಇದ್ದವರಿಗೆ ಈ ಏರಿಕೆ ತಡೆಯುವುದಿಲ್ಲ, ವಾಂತಿ ಜೋರಾಗುತ್ತದೆ. 2023ರಲ್ಲಿ ಸಂಶೋಧಕರು ಇದನ್ನು ತೋರಿಸಿದರು. ಹಾಗಾಗಿ ಇದು ನಿನ್ನ ನಾಜೂಕುತನ ಅಲ್ಲವೇ ಅಲ್ಲ.

ಹೊಟ್ಟೆ ಖಾಲಿ ಬಿಡಬೇಡ. ಖಾಲಿ ಬಿಟ್ಟಷ್ಟೂ ತೊಳಸುತ್ತದೆ. ತಲೆದಿಂಬಿನ ಹತ್ತಿರ ಒಂದು ಡಬ್ಬಿಯಲ್ಲಿ ಚುರುಮುರಿಯೋ ಟೋಸ್ಟೋ ಇಟ್ಟುಕೊಂಡು, ಏಳುವ ಮೊದಲೇ ನಾಲ್ಕು ತುತ್ತು ತಿಂದು ಕಾಲು ಗಂಟೆ ಹಾಗೇ ಕುಳಿತಿರು. ಆಮೇಲೆ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಬಿಸಿ ಅಡುಗೆಯ ವಾಸನೆ ಜಾಸ್ತಿ, ಆರಿದ ಗಂಜಿ, ಮೊಸರನ್ನ ಇಳಿಯುತ್ತದೆ. ನಿನ್ನ ತವರಿನ ಅಪ್ಪೆಹುಳಿ, ಶುಂಠಿ ತಂಬುಳಿ ಮಾಡಿಸಿಕೋ, ಶುಂಠಿ ನಿಜವಾಗಿಯೂ ವಾಕರಿಕೆ ತಗ್ಗಿಸುತ್ತದೆ. ನೀರು, ಎಳನೀರು, ಕೋಕಂ ಪಾನಕ, ಯಾವುದಾದರೂ ಸರಿ, ಊಟದ ಜೊತೆ ಬೇಡ, ನಡುವೆ ಗುಟುಕು ಗುಟುಕಾಗಿ ಕುಡಿ. ಫೋಲಿಕ್ ಆಸಿಡ್ ಮಾತ್ರೆ ಮಾತ್ರ ಬಿಡಬೇಡ.

ಮೀನು ಸದ್ಯಕ್ಕೆ ಬಿಟ್ಟರೆ ಏನೂ ಆಗದು, ಬೇಳೆ, ಮೊಸರು, ಸೇರಿದರೆ ಮೊಟ್ಟೆ ಇದೆಯಲ್ಲ. ಮೀನು ಹುರಿಯುವುದನ್ನು ಹಿತ್ತಲಲ್ಲಿ ಮಾಡಿ ಎಂದು ಗಂಡನ ಬಾಯಲ್ಲೇ ಹೇಳಿಸು.

ಘಟ್ಟಕ್ಕೆ ಈಗ ಅವಸರ ಬೇಡ. 8ರಿಂದ 10ನೇ ವಾರದಲ್ಲೇ ಇದು ಹೆಚ್ಚು, ಬಹಳ ಜನರಿಗೆ 12ರಿಂದ 16ನೇ ವಾರದೊಳಗೆ ಇಳಿಯುತ್ತದೆ. ಅಲ್ಲಿಯವರೆಗೆ ಅಮ್ಮನೇ ಕೆಳಗೆ ಬಂದು ನಾಲ್ಕು ದಿನ ಇರಲಿ, ಅಲ್ವಾ?

ಒಂದು ದಿನ ಪೂರ್ತಿ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ, 50 ಕಿಲೋ ಇದ್ದವಳು ಎರಡೂವರೆ ಕಿಲೋ ಇಳಿದರೆ ಅವತ್ತೇ ಆಸ್ಪತ್ರೆಗೆ ಹೋಗು, ಡ್ರಿಪ್ ಹಾಕಬೇಕಾಗಬಹುದು. ಜ್ವರ, ಹೊಟ್ಟೆನೋವು, ರಕ್ತ ಕಂಡರೂ ಅಷ್ಟೇ. ಈ ವಾರ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗು. ಡಾಕ್ಟರು ಹೇಳುವುದನ್ನು ಅವರೂ ಕಿವಿಯಾರೆ ಕೇಳಲಿ.