ಭಂಗಿ, ಗಾಂಜಾ, ಚರಸ್: ಗಿಡ ಒಂದೇ ಆದರೂ ಪರಿಣಾಮ ಬೇರೆಯೇಕೆ?

ಭಂಗಿ, ಗಾಂಜಾ, ಚರಸ್ ಬೇರೆ ಬೇರೆ ಗಿಡಗಳಿಂದ ಬರುತ್ತವೆಯೇ, ಈ ಗಿಡದ ಬಗೆಗಳೆಂದು ಹೇಳುವ ಇಂಡಿಕಾ, ಸಟೈವಾ ಎಂದರೇನು, ಮೊದಲ ಸಲ ತೆಗೆದುಕೊಂಡವರಿಗೆ ಏನಾಗುತ್ತದೆ ಎಂದು ಕೇಳಿದ್ದೀರಿ. ಔಷಧಶಾಸ್ತ್ರ ಓದಿದವನಾಗಿ, ಅದಕ್ಕಿಂತ ಹೆಚ್ಚಾಗಿ ಗೆಳೆಯನೊಬ್ಬ ಇದರಿಂದ ಒದ್ದಾಡಿದ ರಾತ್ರಿ ಅವನ ಪಕ್ಕದಲ್ಲೇ ಕುಳಿತಿದ್ದವನಾಗಿ, ಈ ಉತ್ತರ ಬರೆಯುತ್ತಿದ್ದೇನೆ.

ಗಿಡ ಒಂದೇ. ಅದರ ಎಲೆಯನ್ನು ಅರೆದು ಮಾಡುವುದು ಭಂಗಿ. ಹೆಣ್ಣು ಗಿಡದ ಹೂಗೊಂಚಲನ್ನು ಒಣಗಿಸಿದರೆ ಗಾಂಜಾ. ಆ ಹೂವಿನ ಮೇಲಿನ ಅಂಟನ್ನು ಅಂಗೈಗಳ ನಡುವೆ ಉಜ್ಜಿ ತೆಗೆದು ಉಂಡೆ ಕಟ್ಟಿದರೆ ಚರಸ್. ನಮ್ಮ ಹಳ್ಳಿಗಳಲ್ಲಿ ಗಾಂಜಾ ಸೇದುವುದಕ್ಕೂ ‘ಭಂಗಿ ಸೇದುವುದು’ ಎಂದೇ ಹೇಳುವ ರೂಢಿ ಇರುವುದರಿಂದ ನಿಮಗಾದ ಗೊಂದಲ ಸಹಜವೇ. ಅಮಲೇರಿಸುವ ಟಿಎಚ್‌ಸಿ ಎಂಬ ರಾಸಾಯನಿಕವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳಾದ ಮೆಶೂಲಮ್ ಮತ್ತು ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದು ಆ ಅಂಟಿನಲ್ಲೇ ಹೆಚ್ಚಾಗಿರುವುದರಿಂದ ಸಾಮಾನ್ಯವಾಗಿ ಎಲೆಗಿಂತ ಹೂವು, ಹೂವಿಗಿಂತ ಚರಸ್ ತೀಕ್ಷ್ಣ. ಇದೇ ಗಿಡದಲ್ಲಿರುವ ಸಿಬಿಡಿ ಎಂಬ ಇನ್ನೊಂದು ರಾಸಾಯನಿಕ ಅಮಲು ತರುವುದಿಲ್ಲ.

‘ಇಂಡಿಕಾ’ ಎಂಬುದು ಭಾರತದಿಂದ ಹೋದ ಗಿಡಗಳಿಗೆ 1785ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಾಮಾರ್ಕ್ ಇಟ್ಟ ಹೆಸರು. ಇಂಡಿಕಾ ನಿದ್ದೆ ತರಿಸುತ್ತದೆ, ಸಟೈವಾ ಹುರುಪು ಕೊಡುತ್ತದೆ ಎಂಬ ಮಾತನ್ನು ನಂಬಬೇಡಿ. ಪರಿಣಾಮವನ್ನು ನಿರ್ಧರಿಸುವುದು ಒಳಗಿರುವ ಟಿಎಚ್‌ಸಿಯ ಪ್ರಮಾಣ, ಸೇವಿಸಿದ ರೀತಿ, ಸೇವಿಸಿದವರ ಮೈಮನಸ್ಸು.

ಸೇವಿಸುವ ರೀತಿಯ ವಿಷಯವನ್ನು ಒತ್ತಿ ಹೇಳಬೇಕಿದೆ. ಸೇದಿದಾಗ ಕೆಲವೇ ನಿಮಿಷಗಳಲ್ಲಿ ಅಮಲು ಏರಿ ಎರಡು ಮೂರು ಗಂಟೆಗಳಲ್ಲಿ ಇಳಿಯುತ್ತದೆ. ತಿಂದಾಗ ಅಥವಾ ಕುಡಿದಾಗ ಟಿಎಚ್‌ಸಿ ಯಕೃತ್ತಿನ ಮೂಲಕ ಹಾದು ಇನ್ನೂ ಪ್ರಬಲವಾದ ರೂಪಕ್ಕೆ ಮಾರ್ಪಡುತ್ತದೆ. ಅಮಲು ಏರುವುದಕ್ಕೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಇಳಿಯುವುದಕ್ಕೆ ಆರೆಂಟು ಗಂಟೆ. ಕಾಶಿಗೆ ಹೋಗಿದ್ದಾಗ ನನ್ನ ಗೆಳೆಯ ಒಂದು ಲೋಟ ಭಂಗಿ ಥಂಡಾಯಿ (ಭಂಗಿ ಬೆರೆಸಿದ ಹಾಲಿನ ಪಾನೀಯ) ಕುಡಿದು, ಮುಕ್ಕಾಲು ಗಂಟೆ ಕಾದು, ‘ಏನೂ ಆಗಲಿಲ್ಲವಲ್ಲ’ ಎಂದು ಇನ್ನೊಂದು ಲೋಟ ಕುಡಿದ. ರಾತ್ರಿ ಎರಡೂ ಒಟ್ಟಿಗೆ ಏರಿದವು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಕಣ್ಣು ಕೆಂಡದಂತಾಗಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಐದು ನಿಮಿಷಕ್ಕೊಮ್ಮೆ ನನ್ನ ಕೈ ಹಿಡಿದು ‘ಬೆಳಗಾಯಿತೇನೋ?’ ಎಂದು ಕೇಳುತ್ತಿದ್ದ. ಕಾಲ ಹಿಗ್ಗಿದಂತೆ ಅನ್ನಿಸುವುದು, ಆಡುತ್ತಿದ್ದ ಮಾತು ಮರೆತುಹೋಗುವುದು, ಕಾರಣವಿಲ್ಲದ ಭಯ ಆವರಿಸುವುದು, ಇವೆಲ್ಲವೂ ಪ್ರಮಾಣ ಮೀರಿದಾಗ ಕಾಣುವ ಲಕ್ಷಣಗಳೇ.

ಹದಿಹರೆಯದವರಿಗೂ, ಮನೆತನದಲ್ಲಿ ಸ್ಕಿಜೋಫ್ರೀನಿಯಾದಂತಹ ಮಾನಸಿಕ ಕಾಯಿಲೆ ಇರುವವರಿಗೂ ಇದರ ಅಪಾಯ ಹೆಚ್ಚು, ಅಂಥವರು ಇದರ ಹತ್ತಿರವೂ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದಿನನಿತ್ಯ ಬಳಸಿದರೆ ಚಟವಾಗುವುದೂ ನಿಜ. ಬಿಡಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೂ ಕರೆ ಮಾಡಬಹುದು.

ಕಾನೂನಿನ ವಿಷಯವನ್ನೂ ತಿಳಿದಿರಿ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಮತ್ತು ಚರಸ್ ಇಟ್ಟುಕೊಳ್ಳುವುದು ಅಪರಾಧ. ಅಲ್ಪ ಪ್ರಮಾಣಕ್ಕೂ ಒಂದು ವರ್ಷದವರೆಗೆ ಜೈಲು, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಬರೀ ಎಲೆ ಈ ಕಾಯ್ದೆ ಗಾಂಜಾಕ್ಕೆ ಕೊಡುವ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಪ್ರಕರಣವೊಂದರಲ್ಲಿ ಭಂಗಿಯ ಬಗ್ಗೆ ಇದನ್ನೇ ಗಮನಿಸಿತು. ಹಾಗೆಂದು ಭಂಗಿಗೆ ಎಲ್ಲೆಡೆ ಅನುಮತಿ ಇದೆ ಎಂದಲ್ಲ, ಅದು ಆಯಾ ರಾಜ್ಯದ ಅಬಕಾರಿ ನಿಯಮಕ್ಕೆ ಒಳಪಟ್ಟದ್ದು.

ಯಾರಿಗಾದರೂ ಅಮಲು ಮೀರಿದರೆ ಗದ್ದಲವಿಲ್ಲದ ಕಡೆ ಮಲಗಿಸಿ, ಗುಟುಕು ಗುಟುಕಾಗಿ ನೀರು ಕೊಡಿ, ಒಬ್ಬರನ್ನೇ ಬಿಡಬೇಡಿ, ವಾಹನ ಓಡಿಸಲು ಬಿಡಲೇಬೇಡಿ. ಎದೆನೋವು ಬಂದರೆ, ಎಚ್ಚರ ತಪ್ಪಿದರೆ, ಇಲ್ಲದ ದನಿಗಳು ಕೇಳತೊಡಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಏನನ್ನು, ಎಷ್ಟು, ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿ.