24 ಬಿಟ್ ಇದ್ದರೂ ಕೊನೆಯ ಅಂಕಿ ಯಾಕೆ ಕುಣಿಯುತ್ತದೆ?
ಮೆಕ್ಕೆಜೋಳದ ತಕ್ಕಡಿಗೆ, ತೂಕದ ಸೆನ್ಸರಿನ ಸಣ್ಣ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ ಎಚ್‌ಎಕ್ಸ್711 ಹಾಕಿ, ‘24 ಬಿಟ್ ಇದ್ದೂ ಕೊನೆಯ ಅಂಕಿಗಳು ಯಾಕೆ ಕುಣಿಯುತ್ತವೆ’ ಅಂತ ಕೇಳಿದ್ದೀರಿ. ನಮ್ಮ ದಾವಣಗೆರೆಯ ಮಂಡಕ್ಕಿ ಅಂಗಡಿ ನೆನೆಸಿಕೊಳ್ಳಿ. ಒಂದು ಸೇರು ಸ್ವಲ್ಪ ಜಾಸ್ತಿ ಆದರೆ ಮುಂದಿನದರಲ್ಲಿ ಅಷ್ಟು ಕಡಿಮೆ ಹಾಕಿದರೆ ಒಟ್ಟು ಲೆಕ್ಕ ಸರಿಹೋಗುತ್ತದೆ, ಅಲ್ವಾ? ಈ ಚಿಪ್ ಅಳೆಯುವ ಸಿಗ್ಮಾ-ಡೆಲ್ಟಾ ವಿಧಾನ ಕೂಡ ಪ್ರತಿ ಸಲದ ತಪ್ಪನ್ನು ಮುಂದಕ್ಕೆ ಒಯ್ಯುತ್ತದೆ. ಹಾಗಾಗಿ ಕ್ವಾಂಟೈಸೇಶನ್ ನಾಯ್ಸ್ (ಅಳತೆಯನ್ನು ಹತ್ತಿರದ ಅಂಕಿಗೆ ಕೂರಿಸುವಾಗ ಆಗುವ ತಪ್ಪು) ಮೇಲಿನ ಫ್ರೀಕ್ವೆನ್ಸಿಗೆ ಸರಿಯುತ್ತದೆ, ಫಿಲ್ಟರ್ ಅದನ್ನು ಕತ್ತರಿಸುತ್ತದೆ. ಸ್ಯಾಂಪಲ್ ದುಪ್ಪಟ್ಟು ಮಾಡಿ ಸುಮ್ನೆ ಸರಾಸರಿ ತೆಗೆದರೆ ನಾಯ್ಸ್ ತಗ್ಗುವ ಲಾಭ 3 ಡಿಬಿ (ಡೆಸಿಬೆಲ್), ಅಂದರೆ ಅರ್ಧ ಬಿಟ್. ಅತಿ ಸರಳವಾದ, ಅಂದರೆ ಮೊದಲ ಆರ್ಡರ್ ಸಿಗ್ಮಾ-ಡೆಲ್ಟಾದಲ್ಲಿ 9 ಡಿಬಿ!

ಆದರೆ ಆಂಪ್ಲಿಫೈಯರ್, ವೈರ್‌ಗಳ ನಾಯ್ಸ್ ಹೀಗೆ ಸರಿಯುವುದಿಲ್ಲ. ನನಗೆ ಅನ್ನಿಸುವಂತೆ ನಿಮ್ಮ ಕುಣಿತ ಅದರದ್ದೇ. ಚಿಪ್ಪಿನ ರೇಟ್ ಪಿನ್ (ರೀಡಿಂಗ್ ವೇಗ ಆರಿಸುವ ಪಿನ್) ಅನ್ನು ಗ್ರೌಂಡ್‌ಗೆ ಹಾಕಿ ನೋಡಿ. ಸೆಕೆಂಡಿಗೆ 80ರ ಬದಲು 10 ರೀಡಿಂಗ್ ಬರುತ್ತದೆ, 50 ಹರ್ಟ್ಸ್ ಕರೆಂಟಿನ ಗುಂಯ್‌ಗುಟ್ಟುವಿಕೆಯೂ ತಗ್ಗುತ್ತದೆ.