ಯಾವುದನ್ನು ಕೈಬಿಡಬೇಕು ಎಂದು ಕೇಳಿ

ಓದುಗರ ಪತ್ರ: ಅಮೆರಿಕದ ದೊಡ್ಡ ಕಂಪನಿಯೊಂದರ ಬೆಂಗಳೂರು ಕೇಂದ್ರದಲ್ಲಿ 14 ಜನರ ತಂಡ ನೋಡಿಕೊಳ್ಳುತ್ತೇನೆ. ಸೇರಿ ನಾಲ್ಕು ವರ್ಷ ಐದು ತಿಂಗಳಾಯಿತು. ಕಳೆದ 20 ತಿಂಗಳಲ್ಲಿ ಮೂವರು ಮ್ಯಾನೇಜರ್ ಬದಲಾದರು. ಹಳೆಯ ಬಿಲ್ಲಿಂಗ್ ವ್ಯವಸ್ಥೆಯನ್ನು ಕ್ಲೌಡ್‌ಗೆ ಸಾಗಿಸುವ ಕೆಲಸ ಶುರುವಾಯಿತು, ನಿಂತಿತು, ಬೇರೆ ಹೆಸರಿನಲ್ಲಿ ಮತ್ತೆ ಶುರುವಾಯಿತು. ನಡುವೆ ಎಐ ಸಹಾಯಕವೂ ಬೇಕು ಎಂದರು. ಕಂಪನಿಯವರನ್ನೆಲ್ಲ ಸೇರಿಸುವ ಟೌನ್‌ಹಾಲ್ ಸಭೆಯಲ್ಲಿ ಕೇಳಿದರೆ ‘ಎಲ್ಲವೂ ಆದ್ಯತೆಯೇ’ ಎಂಬ ಉತ್ತರ ಬಂತು. ಆ ಸ್ಲೈಡ್‌ಗಳನ್ನೇ ತಂಡಕ್ಕೆ ಕಳಿಸಿ ಸುಮ್ಮನಾದೆ. ಅಪ್ರೈಸಲ್‌ನಲ್ಲಿ ಕಡಿಮೆ ರೇಟಿಂಗ್ ಬಂದಿದ್ದು ಮಾತ್ರ ನಮಗೆ. ಮೇಲಿನವರಿಗೇ ದಾರಿ ಗೊತ್ತಿಲ್ಲದಿದ್ದರೆ ನಾವೇನು ಮಾಡುವುದು? ರಾಜೀನಾಮೆ ಬಿಸಾಕಿ ಬಂದುಬಿಡಲೇ?
– ಹೆಸರು ಬೇಡ, ವೈಟ್‌ಫೀಲ್ಡ್

ಸಂಪಾದಕರ ಉತ್ತರ:

ರಾಜೀನಾಮೆಯ ಮಾತು ಕೊನೆಗಿರಲಿ. ಮೊದಲು ನಿಮ್ಮ ಪತ್ರದಲ್ಲೇ ಇರುವ ಒಂದು ಸಾಲು ನೋಡೋಣ: ‘ಎಲ್ಲವೂ ಆದ್ಯತೆಯೇ.’ ಮೇಲಿನವರಿಗೆ ದಾರಿ ಗೊತ್ತಿಲ್ಲ ಎಂದು ನೀವು ಬರೆದಿದ್ದೀರಿ. ಬಹಳ ಸಲ ಗೊತ್ತಿರುತ್ತದೆ. ಆದರೆ ಯಾವುದನ್ನು ಬಿಡುತ್ತೇವೆ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಇರುವುದಿಲ್ಲ. ಒಂದು ಯೋಜನೆ ನಿಲ್ಲಿಸಿದರೆ ಅದನ್ನು ಶುರುಮಾಡಿದ ವೈಸ್ ಪ್ರೆಸಿಡೆಂಟ್‌ಗೆ ಅವಮಾನ, ಅದಕ್ಕೆ ಸುರಿದ ಹಣಕ್ಕೆ ಲೆಕ್ಕ ಕೊಡಬೇಕು. ಹಾಗಾಗಿ ಹಾವೂ ಸಾಯದೆ ಕೋಲೂ ಮುರಿಯದೆ ಎಲ್ಲವನ್ನೂ ಅರೆಜೀವವಾಗಿ ಇಟ್ಟಿರುತ್ತಾರೆ. ಎತ್ತು ಏರಿಗೆಳೆದು ಕೋಣ ನೀರಿಗೆಳೆದರೆ ನೊಗ ಒತ್ತುವುದು ನಿಮ್ಮ ತಂಡದ ಹೆಗಲಿಗೆ. ಆದ್ದರಿಂದ ‘ನಮ್ಮ ದಿಕ್ಕು ಯಾವುದು’ ಎಂದು ಕೇಳಬೇಡಿ. ಅದಕ್ಕೆ ಇನ್ನೊಂದು ಸ್ಲೈಡ್ ಬರುತ್ತದೆ, ಅಷ್ಟೇ. ‘ಯಾವುದನ್ನು ಕೈಬಿಡಬೇಕು, ಯಾವ ದಿನದಿಂದ’ ಎಂದು ಕೇಳಿ.

ನೋಕಿಯಾದ ಕಥೆಯಲ್ಲಿ ಇದರ ಎರಡು ಮುಖಗಳೂ ಇವೆ. ಐಫೋನ್ ಬಂದ 2007ರಿಂದ 2010ರವರೆಗೆ ಆ ಕಂಪನಿ ತನ್ನ ಹಳೆಯ ಫೋನ್ ಸಾಫ್ಟ್‌ವೇರ್ ಸಿಂಬಿಯನ್ ಅನ್ನೂ ಬಿಡಲಿಲ್ಲ, ಮುಂದೆ ಮೀಗೋ ಆದ ಲಿನಕ್ಸ್ ವ್ಯವಸ್ಥೆಗೂ ಪೂರ್ತಿ ಕೈಹಾಕಲಿಲ್ಲ. ಅಲ್ಲಿನ ಮೇಲ್ದರ್ಜೆ ಮತ್ತು ಮಧ್ಯಮ ಮಟ್ಟದ ಮ್ಯಾನೇಜರ್‌ಗಳನ್ನೂ ಎಂಜಿನಿಯರ್‌ಗಳನ್ನೂ ಸಂದರ್ಶಿಸಿ ಸಂಶೋಧಕರಾದ ಟಿಮೊ ವೂರಿ ಮತ್ತು ಕ್ವಿ ಹ್ಯೂ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಲಿನವರಿಗೆ ಪ್ರತಿಸ್ಪರ್ಧಿಗಳ ಭಯ, ಮಧ್ಯದವರಿಗೆ ಮೇಲಿನವರ ಭಯ. ಗಡುವು ಸಾಧ್ಯವಿಲ್ಲ ಎಂದು ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಮೇಲಿನವರು ಆ ಮೌನವನ್ನೇ ನಂಬಿ ಯೋಜನೆ ಹಾಕಿದರು. ಆಮೇಲೆ 2011ರ ಫೆಬ್ರವರಿಯಲ್ಲಿ ಹೊಸ ಮುಖ್ಯಸ್ಥ ಸ್ಟೀಫನ್ ಎಲಾಪ್ ಸಿಂಬಿಯನ್ ಬಿಟ್ಟು ವಿಂಡೋಸ್ ಫೋನ್‌ಗೆ ಹೋಗುತ್ತೇವೆ ಎಂದು ಘೋಷಿಸಿದರು. ಆದರೆ ವಿಂಡೋಸ್ ಇದ್ದ ಮೊದಲ ಲೂಮಿಯಾ ಫೋನ್ ಅಂಗಡಿಗೆ ಬಂದಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಅಂಗಡಿಯಲ್ಲಿದ್ದುದು ಕಂಪನಿಯೇ ‘ಮುಗಿಯಿತು’ ಎಂದಿದ್ದ ಫೋನ್. ಕೊಳ್ಳುವವರು ಹಿಂದೆ ಸರಿದರು. ಬಿಡುತ್ತೇವೆ ಎಂದಷ್ಟೇ ಹೇಳಿದರೆ ಸಾಲದು. ಯಾವ ತಾರೀಖಿಗೆ, ಅಲ್ಲಿಯವರೆಗೆ ಹಳೆಯದನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೂ ಜೊತೆಗೇ ಬರಬೇಕು. ನಿಮ್ಮ ಬಿಲ್ಲಿಂಗ್ ವ್ಯವಸ್ಥೆಗೂ ಇದೇ ಮಾತು.

ಈಗ ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ಬರೋಣ. ಹೊಲದಲ್ಲಿ ಆಳಿನ ಲೆಕ್ಕ ಹಾಕುವ ಹಾಗೆ ಒಂದು ಲೆಕ್ಕ ಹಾಕಿ. 14 ಜನ, ಎರಡು ವಾರದ ಸ್ಪ್ರಿಂಟ್‌ನಲ್ಲಿ (ಕೆಲಸ ಹಂಚಿಕೊಂಡು ಮುಗಿಸುವ ಒಂದು ಸುತ್ತು) 10 ಕೆಲಸದ ದಿನ: 140 ಆಳುದಿನ. ರಜೆ, ಹಬ್ಬಕ್ಕೆ 10 ತೆಗೆಯಿರಿ. ಪ್ರೊಡಕ್ಷನ್ ಸಪೋರ್ಟ್‌ಗೆ, ಅಂದರೆ ಬಳಕೆಯಲ್ಲಿರುವ ವ್ಯವಸ್ಥೆಯ ದೇಖರೇಖಿಗೆ, ಸದಾ ಇಬ್ಬರು ಬೇಕಾದರೆ ಇನ್ನು 20. ಮೀಟಿಂಗ್, ಕೋಡ್ ರಿವ್ಯೂ, ಇಂಟರ್‌ವ್ಯೂಗಳಿಗೆ ಮತ್ತೆ 20. ಉಳಿದದ್ದು 90. ಕೇಳಿರುವ ಕೆಲಸ: ಬಿಲ್ಲಿಂಗ್ ಅನ್ನು ಕ್ಲೌಡ್‌ಗೆ ಸಾಗಿಸುವುದಕ್ಕೆ 60, ಎಐ ಸಹಾಯಕಕ್ಕೆ 30, ತೆರಿಗೆ ನಿಯಮದ ಬದಲಾವಣೆಗೆ 25 ಎಂದಿಟ್ಟುಕೊಳ್ಳಿ, ಒಟ್ಟು 115. ಕೊರತೆ 25. ಈ 25 ಎಂಬ ಅಂಕಿ ಇಲ್ಲದೆ ಮ್ಯಾನೇಜರ್ ಹತ್ತಿರ ಹೋದರೆ ನಿಮ್ಮದು ಗೊಣಗಾಟ. ಇದ್ದರೆ ಕೂಡಿಸಿ ಕಳೆಯುವ ಲೆಕ್ಕ, ಅವರೂ ಅದನ್ನು ಮೇಲಕ್ಕೆ ಒಯ್ಯಬಹುದು.

ಆಮೇಲೆ ಹತ್ತು ಸಾಲು ಮೀರದ ಒಂದು ಮೇಲ್, ಹೆಚ್ಚುಕಡಿಮೆ ಹೀಗೆ: ‘ಮುಂದಿನ ಎರಡು ವಾರಕ್ಕೆ ನಮ್ಮಲ್ಲಿರುವುದು 90 ಆಳುದಿನ, ಕೇಳಿರುವ ಕೆಲಸ 115. ತೆರಿಗೆಯ ಕೆಲಸ ಬಿಡುವಂತಿಲ್ಲ. ಉಳಿದ ಎರಡರಲ್ಲಿ ಸಾಗಣೆಯನ್ನು ಇಟ್ಟುಕೊಂಡು, ಎಐ ಸಹಾಯಕವನ್ನು ಮುಂದಿನ ಸ್ಪ್ರಿಂಟ್‌ಗೆ ತಳ್ಳುತ್ತಿದ್ದೇವೆ. ಬೇರೆ ತೀರ್ಮಾನ ಬೇಕಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಿ.’ ಇಲ್ಲಿ ‘ಏನು ಮಾಡಲಿ’ ಎಂಬ ಪ್ರಶ್ನೆಯೇ ಇಲ್ಲ, ಗಮನಿಸಿ. ತೀರ್ಮಾನಕ್ಕೆ ಹೆದರುವ ಮ್ಯಾನೇಜರ್ ‘ಹೂಂ’ ಎಂದು ಬರೆದು ಕೊಡುವುದಿಲ್ಲ, ಆದರೆ ಸುಮ್ಮನಿರಬಲ್ಲ. ಆ ಮೌನವನ್ನೇ ಒಪ್ಪಿಗೆಯಾಗಿ ಬಳಸುವ ದಾರಿ ಇದು.

ಇದು ಕೆಡುವುದು ಎಲ್ಲಿ ಎಂದರೆ, ಮೊದಲ ಮೇಲ್‌ನಲ್ಲೇ ಮ್ಯಾನೇಜರ್‌ನ ಮೇಲಿನವರನ್ನು ಸಿಸಿ ಹಾಕಿದಾಗ. ಅಲ್ಲಿಗೆ ವಿಷಯ ಕೆಲಸದ್ದಲ್ಲ, ಮರ್ಯಾದೆಯದ್ದಾಗುತ್ತದೆ. ಶುಕ್ರವಾರ ಸಂಜೆ ಕಳಿಸಿದರೆ ಸೋಮವಾರದ ಮೇಲ್ ರಾಶಿಯಡಿ ಹೂತುಹೋಗುತ್ತದೆ, ಮಂಗಳವಾರ ಬೆಳಗ್ಗೆ ಕಳಿಸಿ. ಇನ್ನು, ಸಮಾನ ತೂಕದ ಮೂರು ಆಯ್ಕೆ ಕೊಟ್ಟರೆ ‘ಮೂರನ್ನೂ ಸ್ವಲ್ಪ ಸ್ವಲ್ಪ ಮಾಡಿ’ ಎಂಬ ಉತ್ತರ ಗ್ಯಾರಂಟಿ.

ರೇಟಿಂಗ್ ಯಾಕೆ ಬಿತ್ತು ಎಂದು ನೀವು ವಿವರ ಬರೆದಿಲ್ಲ. ಇಂಥ ಕಡೆ ಸಾಮಾನ್ಯವಾಗಿ ಆಗುವುದು ಹೀಗೆ. ಜನವರಿಯಲ್ಲಿ ವರ್ಷದ ಗುರಿಗಳ ಪಟ್ಟಿಯಾದ ಗೋಲ್ ಶೀಟ್‌ನಲ್ಲಿ ‘ಬಿಲ್ಲಿಂಗ್ ಸಾಗಣೆ ಡಿಸೆಂಬರ್‌ಗೆ ಪೂರ್ಣ, ತೂಕ 40%’ ಎಂದು ಹಾಕುತ್ತಾರೆ. ಮೇ ತಿಂಗಳಲ್ಲಿ ಯೋಜನೆ ನಿಲ್ಲುತ್ತದೆ. ಎಲ್ಲರೂ ಹೊಸ ಕೆಲಸಕ್ಕೆ ಬೀಳುತ್ತಾರೆ, ಶೀಟ್ ತೆರೆದು ನೋಡುವವರಿಲ್ಲ. ಡಿಸೆಂಬರ್‌ನಲ್ಲಿ ಹೊಸ ಮ್ಯಾನೇಜರ್ ಅದನ್ನು ತೆರೆದಾಗ ಆ 40%ರ ಮುಂದೆ ಸೊನ್ನೆ. ನಿಲ್ಲಿಸಿದ್ದು ಯಾರು ಎಂದು ಅವರಿಗೆ ಗೊತ್ತಿಲ್ಲ, ಹೇಳಬೇಕಾದ ಹಳೆಯ ಮ್ಯಾನೇಜರ್ ಹೋಗಿಯಾಗಿದೆ. ಎಲ್ಲರ ರೇಟಿಂಗ್ ಹೋಲಿಸಿ ಅಂತಿಮಗೊಳಿಸುವ ಕ್ಯಾಲಿಬ್ರೇಷನ್ ಮೀಟಿಂಗ್‌ನಲ್ಲಿ ಒಂದೊಂದು ಹೆಸರಿಗೆ ಕೆಲವೇ ನಿಮಿಷ, ಅಲ್ಲಿ ಶೀಟ್‌ನಲ್ಲಿದ್ದದ್ದೇ ಸತ್ಯ. ಆದ್ದರಿಂದ ಯೋಜನೆ ನಿಂತ ಎರಡು ವಾರದೊಳಗೆ ಸಿಸ್ಟಂನಲ್ಲೇ ಹಳೆಯ ಗುರಿಯನ್ನು ‘ಇಂಥ ದಿನ, ಇಂಥವರ ತೀರ್ಮಾನದಂತೆ ನಿಲ್ಲಿಸಲಾಗಿದೆ’ ಎಂದು ಮುಚ್ಚಿಸಿ, ಆ ತೂಕವನ್ನು ಹೊಸ ಗುರಿಗೆ ವರ್ಗಾಯಿಸಿ, ಮ್ಯಾನೇಜರ್ ಅಪ್ರೂವ್ ಒತ್ತಿದ್ದಾರೆಯೇ ನೋಡಿ. ಅಲ್ಲಿಯವರೆಗೆ ಮುಗಿದಿದ್ದ ಭಾಗವನ್ನೂ ಬರೆಸಿ. ಮ್ಯಾನೇಜರ್ ಬದಲಾಗುವ ಸುದ್ದಿ ಬಂದರೆ ಹೋಗುವವರಿಂದ ಹೋಗುವ ಮುಂಚೆಯೇ ಅರ್ಧ ಪುಟದ ಅಭಿಪ್ರಾಯ ಸಿಸ್ಟಂನಲ್ಲಿ ಹಾಕಿಸಿಕೊಳ್ಳಿ. ನಿಮ್ಮ 14 ಜನರಿಗೂ ಇದನ್ನೇ ಮಾಡಿಸಿ.

ತಂಡದ ವಿಷಯದಲ್ಲಿ ಒಂದು ಮಾತು ಸ್ವಲ್ಪ ಕಹಿಯಾಗಿಯೇ ಹೇಳಬೇಕು. ಟೌನ್‌ಹಾಲ್ ಸ್ಲೈಡ್‌ಗಳನ್ನು ಹಾಗೆಯೇ ಮುಂದಕ್ಕೆ ಕಳಿಸಿ ಸುಮ್ಮನಾದೆ ಎಂದಿದ್ದೀರಿ. ಆ 14 ಜನರ ಪಾಲಿಗೆ ದಿಕ್ಕಿಲ್ಲದ ಮೇಲಿನವರು ನೀವೇ. ಪ್ರತಿ ಸೋಮವಾರ ಮೂರು ಸಾಲು ಬರೆಯಿರಿ: ಈ ವಾರ ಯಾವುದು ಮುಗಿಯಬೇಕು, ಯಾವುದನ್ನು ಮುಟ್ಟಬಾರದು, ಮೇಲಿನಿಂದ ಇನ್ನೂ ತೀರ್ಮಾನವಾಗದೆ ಉಳಿದದ್ದು ಯಾವುದು. ಮೂರನೆಯದನ್ನು ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅದು ಕ್ಯಾಂಟೀನಿನಲ್ಲಿ ಗಾಳಿಸುದ್ದಿಯಾಗಿ ಹುಟ್ಟುತ್ತದೆ.

ಮೇಲಿನವರು ನಿಜಕ್ಕೂ ಎತ್ತ ಹೊರಟಿದ್ದಾರೆ ಎಂದು ತಿಳಿಯಬೇಕಾದರೆ ದುಡ್ಡು ಹೋಗುವ ದಾರಿ ನೋಡಿ. ನಿಮ್ಮ ಉತ್ಪನ್ನಕ್ಕೆ ಹೊಸ ನೇಮಕಾತಿ ತೆರೆದಿದೆಯೇ? ಬಿಟ್ಟುಹೋದವರ ಜಾಗ ತುಂಬುತ್ತಿದ್ದಾರೆಯೇ? ಗುತ್ತಿಗೆ ಎಂಜಿನಿಯರ್‌ಗಳ ಅವಧಿ ವರ್ಷಕ್ಕೆ ನವೀಕರಣವಾಯಿತೇ, ಮೂರು ತಿಂಗಳಿಗೆ ಮಾತ್ರವೇ? ಕ್ಲೌಡ್ ಖರ್ಚಿನ ಮಿತಿ ಏರಿತೇ, ಇಳಿಯಿತೇ? ಈ ನಾಲ್ಕೂ ಇಳಿಮುಖವಾಗಿದ್ದರೆ ಟೌನ್‌ಹಾಲ್‌ನಲ್ಲಿ ಏನೇ ಹೇಳಲಿ, ಆ ಕೆಲಸಕ್ಕೆ ಆಯಸ್ಸು ಕಡಿಮೆ. ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇನ್ನೊಂದು ಅನುಕೂಲವಿದೆ. ಅದು ವರ್ಷಕ್ಕೊಮ್ಮೆ ಟೆನ್-ಕೆ ಎಂಬ ವರದಿಯನ್ನು ಅಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಸಲ್ಲಿಸಲೇಬೇಕು. ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಕಳೆದ ಮೂರು ವರ್ಷದ ವರದಿ ತೆರೆದು ನಿಮ್ಮ ಉತ್ಪನ್ನದ ಹೆಸರು ಹುಡುಕಿ. ಮೊದಲೆರಡರಲ್ಲಿದ್ದು ಮೂರನೆಯದರಲ್ಲಿ ಇಲ್ಲವಾದರೆ ಮ್ಯಾನೇಜರ್‌ನನ್ನು ಕಾಡಿ ಪ್ರಯೋಜನವಿಲ್ಲ.

ಮ್ಯಾನೇಜರ್‌ನ ಮೇಲಿನವರ ಜೊತೆ ಮಾತನಾಡುವುದಾದರೆ ಮ್ಯಾನೇಜರ್‌ಗೆ ಮೊದಲೇ ತಿಳಿಸಿ, ಅರ್ಧ ಗಂಟೆ ಕೇಳಿ. ವ್ಯಕ್ತಿಯ ಮೇಲೆ ದೂರು ಬೇಡ. ಒಂದೇ ಪ್ರಶ್ನೆ ಸಾಕು: ‘ಮುಂದಿನ ಆರು ತಿಂಗಳಲ್ಲಿ ನಮ್ಮ ತಂಡ ಯಾವ ಒಂದು ಕೆಲಸ ಮುಗಿಸದಿದ್ದರೆ ನಿಮಗೆ ತೊಂದರೆಯಾಗುತ್ತದೆ?’ ಅವರು ಎರಡನೆಯ ಕೆಲಸದ ಹೆಸರು ಎತ್ತಿದಾಗ ನಗುತ್ತಲೇ ‘ಒಂದೇ ಆದರೆ?’ ಎನ್ನಿ. ನೌಕರರ ಅಭಿಪ್ರಾಯ ಕೇಳುವ ವರ್ಷದ ಸಮೀಕ್ಷೆಯಲ್ಲಿ ಸಿಟ್ಟು ತೀರಿಸಿಕೊಳ್ಳಬೇಡಿ. ಹೆಸರಿಲ್ಲದಿದ್ದರೂ 14 ಜನರಲ್ಲಿ ಬರವಣಿಗೆಯ ಧಾಟಿ ನೋಡಿದರೆ ಯಾರದು ಎಂದು ತಿಳಿಯುತ್ತದೆ.

ಆದದ್ದನ್ನೆಲ್ಲ ದಿನಾಂಕ ಹಾಕಿ ಬರೆದಿಡುವುದು ಒಳ್ಳೆಯದು, ಆದರೆ ಕಂಪನಿಯ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಇದನ್ನು ಪತ್ತೆಹಚ್ಚುವ ಸಾಫ್ಟ್‌ವೇರ್ ಅನೇಕ ದೊಡ್ಡ ಕಂಪನಿಗಳಲ್ಲಿದೆ, ನಿಮ್ಮ ನ್ಯಾಯವಾದ ದೂರು ಅಲ್ಲಿಗೆ ಗೋಪ್ಯತೆಯ ಉಲ್ಲಂಘನೆಯ ಪ್ರಕರಣವಾಗಿ ತಿರುಗುತ್ತದೆ.

ಕೊನೆಗೆ ರಾಜೀನಾಮೆ. ಬಿಡಬೇಡಿ ಎಂದು ನಾವು ಹೇಳುವುದಿಲ್ಲ, ಬಿಸಾಕಬೇಡಿ ಎನ್ನುತ್ತೇವೆ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಐದು ವರ್ಷದ ಸತತ ಸೇವೆ ಬೇಕು, ನಿಮಗೆ ಇನ್ನು ಏಳು ತಿಂಗಳು ಬಾಕಿ. ಲೆಕ್ಕಕ್ಕೆ ಹಿಡಿಯುವ ಕೊನೆಯ ತಿಂಗಳ ವೇತನ 1 ಲಕ್ಷ ಇದ್ದರೆ, ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ: ವರ್ಷಕ್ಕೆ 57,692 ರೂಪಾಯಿ, ಐದು ವರ್ಷಕ್ಕೆ ಸುಮಾರು 2.88 ಲಕ್ಷ. ನಾಲ್ಕು ವರ್ಷ 240 ದಿನ ಸಾಕು ಎಂದು ಗೆಳೆಯರು ಹೇಳಬಹುದು. ಅದಕ್ಕೆ ಮದ್ರಾಸ್ ಹೈಕೋರ್ಟ್‌ನ ತೀರ್ಪೊಂದರ ಆಧಾರವಿದೆ, ಆದರೆ ಎಲ್ಲ ಕಂಪನಿಗಳೂ ಅದನ್ನು ಒಪ್ಪುವುದಿಲ್ಲ. ನೋಟಿಸ್ ಅವಧಿ 90 ದಿನವಾದರೆ ನಾಲ್ಕು ವರ್ಷ ಒಂಬತ್ತು ತಿಂಗಳಿಗೆ ಪತ್ರ ಕೊಟ್ಟರಾಯಿತು ಎಂದು ಲೆಕ್ಕ ಹಾಕಲೂಬೇಡಿ. ನೋಟಿಸ್ ಹಣ ಕೊಟ್ಟು ಕಂಪನಿ ಮರುದಿನವೇ ಬಿಡುಗಡೆ ಮಾಡಿದರೆ ಸೇವೆ ಅಲ್ಲಿಗೇ ಮುಗಿದಂತೆ. ಐದು ವರ್ಷ ದಾಟಿದ ಮೇಲೆ ಕೊಡಿ. ಕಂಪನಿ ನಿಮಗೆ ಕೊಡುವ ಷೇರುಗಳಿದ್ದರೆ ಅವು ಕೈಸೇರುವ ದಿನ, ಬೋನಸ್ ಜಮೆಯಾಗುವ ದಿನ ಎರಡನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಪಿಎಫ್ ಹಣ ತೆಗೆಯದೆ ಹೊಸ ಕಡೆಗೆ ವರ್ಗಾಯಿಸಿ, ಹಿಂದಿನ ಸೇವೆಯೂ ಎಣಿಕೆಗೆ ಬರುತ್ತದೆ.

ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ‘ಕಳೆದ ವರ್ಷ ನೀವು ಯಾವ ಯೋಜನೆ ನಿಲ್ಲಿಸಿದಿರಿ, ಆ ತಂಡ ಈಗ ಏನು ಮಾಡುತ್ತಿದೆ’ ಎಂದು ನೀವೇ ಕೇಳಿ. ಥಟ್ಟನೆ ಉತ್ತರಿಸುವವರು ಸಿಕ್ಕರೆ ಎರಡನೆಯ ಸುತ್ತಿಗೆ ಹೋಗಿ.

ಅಷ್ಟರವರೆಗೆ ಸಮಯ ನೋಡಿಕೊಳ್ಳಿ. ಜನವರಿಯಿಂದ ಡಿಸೆಂಬರ್‌ವರೆಗೆ ಲೆಕ್ಕದ ವರ್ಷ ಇಟ್ಟುಕೊಂಡ ಅಮೆರಿಕನ್ ಕಂಪನಿಗಳಲ್ಲಿ ಮುಂದಿನ ವರ್ಷದ ಬಜೆಟ್ ಮಾತು ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ನಡೆಯುತ್ತದೆ. ನಾವಿಲ್ಲಿ ದಸರೆ, ದೀಪಾವಳಿಯ ರಜೆಯಲ್ಲಿರುವಾಗಲೇ ಅಲ್ಲಿ ಪಟ್ಟಿ ಮುಗಿದಿರುತ್ತದೆ. ನಿಮ್ಮ 90 ಮತ್ತು 115ರ ಲೆಕ್ಕವನ್ನು ವರ್ಷಕ್ಕೆ ಹಿಗ್ಗಿಸಿ, ಯಾವುದನ್ನು ಬಿಟ್ಟರೆ ಎಷ್ಟು ಆಳುದಿನ ಉಳಿಯುತ್ತದೆ ಎಂದು ಒಂದು ಪುಟ ಮಾಡಿ, ಆಯುಧಪೂಜೆಗೆ ಮುಂಚೆ ಮ್ಯಾನೇಜರ್ ಕೈಗೆ ಕೊಡಿ.